ಎಂಟಿಂಚು ಬ್ಲಾಕ್ ಗೋಡೆ: 4 ಅಡಿ ಕಿಟಕಿಯನ್ನು 7 ಅಡಿ ಮಾಡಬಹುದಾ?

ಪಾರಿಜಾತ_ತುಮಕೂರು:

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿದವರು, ಒಡೆದವರು, ಒಡೆದು ಕೈ ಕೈ ಹಿಸುಕಿಕೊಂಡವರು, ಯಾರಾದರೂ ಸರಿ, ಸ್ವಲ್ಪ ಹೇಳಿ.

ನಮ್ಮದು ತುಮಕೂರಿನಲ್ಲಿ ಥರ್ಟಿ-ಫಾರ್ಟಿ ಸೈಟಿನ ಮನೆ. 2003ರಲ್ಲಿ ಅಪ್ಪ ನಿಂತು ಕಟ್ಟಿಸಿದ್ದು. ನಿಂತು ಅಂದರೆ ನಿಜವಾಗಲೂ ನಿಂತು. ಬೆಳಿಗ್ಗೆ ಐದೂವರೆಗೆ ಪೈಪು ಹಿಡಿದು ಗೋಡೆಗೆ ನೀರು ಹೊಡೆದು, ಆಮೇಲೆ ಆಫೀಸಿಗೆ ಹೋಗುತ್ತಿದ್ದರು. ಈಗ ಕೆಳಗೆ ನಾನು ಮತ್ತು ಅಮ್ಮ. ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಹೊರಗಿನ ಗೋಡೆ ಪೂರಾ ಎಂಟಿಂಚಿನ ಕಾಂಕ್ರೀಟ್ ಬ್ಲಾಕು.

ಜನವರಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ, ಅಷ್ಟೇ. ಉಳಿದ ಹೊತ್ತೆಲ್ಲ ಮಂಚ. ರಸ್ತೆ ಕಡೆಯ, ಪೂರ್ವದ ರೂಮನ್ನೇ ಅವರಿಗೆ ಬಿಟ್ಟುಕೊಟ್ಟಿದ್ದೇನೆ. ಗೇಟು ಕಿರ್ ಅಂದರೆ ಸಾಕು, "ಯಾರೇ ಅದು?" ಅಂತಾರೆ. ಹಾಲಿನವನು, ಪೇಪರ್ ಹುಡುಗ, ಮೇಲಿನ ಮನೆ ಮಗು, ಎಲ್ಲದಕ್ಕೂ "ಯಾರೇ ಅದು?" ನಾನು ಒಗ್ಗರಣೆ ಬಿಟ್ಟು ಕೂಗಿ ಹೇಳಬೇಕು. ಕಿಟಕಿ ಏನೋ ಇದೆ. ಆದರೆ ಅದರಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲವಂತೆ.

ಹಾಗಾಗಿ ಕಿಟಕಿ ದೊಡ್ಡದು ಮಾಡಿಸೋಣ ಅಂತ ಹೊರಟಿದ್ದೇನೆ. ಈಗಿರುವುದು 4 ಅಡಿ ಅಗಲ, 4 ಅಡಿ ಎತ್ತರ. ಮತ್ತಿ ಮರದ ಚೌಕಟ್ಟು, ಮೂರು ಬಾಗಿಲು, ಕಬ್ಬಿಣದ ಸರಳು. ಕೆಳಗಿನ ಅಂಚು ನೆಲದಿಂದ 3 ಅಡಿ. ಮೇಲೆ ಲಿಂಟಲ್ (ಕಿಟಕಿ ಮೇಲಿನ ಗೋಡೆಯನ್ನು ಹೊರುವ ಕಾಂಕ್ರೀಟ್ ತೊಲೆ), ಅದರ ಜೊತೆಗೇ ಹಾಕಿದ, ಹೊರಗೆ ಚಾಚಿದ ಎರಡಡಿ ಸಜ್ಜಾ. ಇದನ್ನು 7 ಅಡಿ ಅಗಲ ಮಾಡಬೇಕು ಅಂತ ನನ್ನ ಆಸೆ. ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವನು ಗೋಡೆಯನ್ನು ಬೆರಳಲ್ಲಿ ಎರಡು ಸಲ ಕುಟ್ಟಿ, "ಎರಡು ದಿನದ ಕೆಲಸ ಮೇಡಂ. ಬ್ರೇಕರ್ ತಂದು ಎರಡೂ ಕಡೆ ಒಂದೂವರೆ ಅಡಿ ಹೊಡೀತೀನಿ, ಮೇಲೆ ಕಬ್ಬಿಣದ ಆಂಗಲ್ ಕೊಟ್ಟುಬಿಟ್ಟರೆ ಆಯಿತು" ಅಂದ. ಮೇಲೆ ಸಂಸಾರ ಇದೆಯಪ್ಪಾ ಅಂದೆ. "ಏನೂ ಆಗಲ್ಲ" ಅಂದ. ಅವನು ಅಷ್ಟು ಸಲೀಸಾಗಿ ಅಂದದ್ದಕ್ಕೇ ನನಗೆ ಭಯ ಶುರುವಾಯಿತು.

ಎರಡೇ ದಿನದಲ್ಲಿ ಆಗುವಂಥ ಕೆಲಸವಾ ಇದು? ಆಂಗಲ್ ಸಾಕಾ? ಮೇಲಿನವರನ್ನು ಆ ಎರಡು ದಿನ ಬೇರೆ ಕಡೆ ಕಳಿಸಬೇಕಾ?


ಫ್ಲಾಟ್_702:

ಮೊದಲು ಗೋಡೆ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ ಮೇಡಂ. ನಮ್ಮದು ಬೆಂಗಳೂರಿನಲ್ಲಿ ಮೈವಾನ್ ಫ್ಲಾಟು. ಅಲ್ಯೂಮಿನಿಯಂ ಶೀಟು ನಿಲ್ಲಿಸಿ ಗೋಡೆ, ಸೂರು ಎಲ್ಲ ಒಟ್ಟಿಗೆ ಕಾಂಕ್ರೀಟ್ ಸುರಿದು ಮಾಡಿದ್ದು. ನನಗೂ ಬಾಲ್ಕನಿ ಕಡೆ ಕಿಟಕಿ ದೊಡ್ಡದು ಮಾಡುವ ಹುಚ್ಚು ಬಂದಿತ್ತು. ಒಂದು ಮೊಳೆ ಹೊಡೆಯಲು ಹೋದರೇ ಡ್ರಿಲ್ ಬಿಟ್ ಕಂಬಿಗೆ ತಾಗಿ ಕುಣಿಯುತ್ತಿತ್ತು. ಇಂಥ ಮನೆಯಲ್ಲಿ ಕಂಬ ಬೇರೆ, ಗೋಡೆ ಬೇರೆ ಅಂತ ಇಲ್ಲ, ಗೋಡೆಯೇ ಕಂಬ. ಕತ್ತರಿಸುವ ಮಾತೇ ಇಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೂ ಇದೆ, ಕಟ್ಟಡದ ಗಟ್ಟಿತನಕ್ಕೆ ಧಕ್ಕೆ ತರುವ ಕೆಲಸವನ್ನು ಮಿಕ್ಕ ಮಾಲೀಕರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ. ನಾನು ಆಸೆ ಬಿಟ್ಟು ಬಿಳಿ ಪರದೆ ಹಾಕಿದೆ. ನಿಮ್ಮದು ಸ್ವಂತ ಮನೆ, ಬ್ಲಾಕು. ದಾರಿ ಇರಬಹುದು.


ಕರಣೆ_ಸಿರಾ:

ಅಕ್ಕಾ, ನಾನು ಗಾರೆ ಕೆಲಸ 26 ವರ್ಷದಿಂದ ಮಾಡುತ್ತಿದ್ದೇನೆ. ಬೆರಳಲ್ಲಿ ಕುಟ್ಟಿದರೆ ಗೋಡೆ ಏನೂ ಹೇಳುವುದಿಲ್ಲ. ಕಿಟಕಿ ಪಕ್ಕದಲ್ಲಿ ಒಂದಡಿ ಚೌಕ ಪ್ಲಾಸ್ಟರ್ ಬಿಚ್ಚಿಸಿ. ಉಳಿಯಲ್ಲಿ ಮೆಲ್ಲಗೆ, ಬ್ರೇಕರ್ ಬೇಡ. ಒಳಗೆ ಅಡ್ಡ ಸಂದು, ಉದ್ದ ಸಂದು ಕಂಡರೆ ಬ್ಲಾಕು. ಸಂದೇ ಇಲ್ಲದೆ ಒಂದೇ ಸಮ ಜಲ್ಲಿ ಕಂಡರೆ ಅಲ್ಲಿ ಪಿಲ್ಲರ್ ಇದೆ, ಕೈ ಇಡಬೇಡಿ.

ಆಮೇಲೆ ಮನೆಯಲ್ಲಿ ಪಿಲ್ಲರ್ ಇದೆಯಾ ಇಲ್ಲವಾ ಅದು ಹೇಳಿ. ಪಿಲ್ಲರ್ ಮನೆಯಾದರೆ ಬ್ಲಾಕು ಬರೀ ಮರೆಗೆ. ಇಲ್ಲದಿದ್ದರೆ ಬ್ಲಾಕೇ ಮೇಲಿನ ಮನೆ ಹೊತ್ತಿರುವುದು. ಆಂಗಲ್ ಕೊಡುತ್ತೇನೆ ಅಂದವನು ಇದನ್ನು ಕೇಳಿದನಾ?


ಪಾರಿಜಾತ_ತುಮಕೂರು:

ಕೇಳಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿದೆ. ಸಂದು ಕಾಣುತ್ತಿದೆ, ಬ್ಲಾಕೇ. ಪಿಲ್ಲರ್ ವಿಷಯ ನನಗೆ ಗೊತ್ತಿಲ್ಲ. ಪ್ಲಾನ್ ಕಾಪಿ ಎಲ್ಲೋ ಹೋಗಿದೆ. ಆದರೆ ಅಪ್ಪನ ಲೆಕ್ಕದ ಪುಸ್ತಕ ಬೀರುವಿನಲ್ಲಿತ್ತು. ನಿನ್ನೆ ರಾತ್ರಿ ಕೂತು ಪೂರಾ ಓದಿದೆ. ಸೈಜು ಕಲ್ಲು ಇಷ್ಟು ಲೋಡು, 8 ಇಂಚು ಬ್ಲಾಕು 1,400, ಸಿಮೆಂಟ್ ಯಾವತ್ತು ಎಷ್ಟು ಚೀಲ, ಮೇಸ್ತ್ರಿಗೆ ಹಬ್ಬಕ್ಕೆ ಕೊಟ್ಟ ಪಂಚೆ ಸಮೇತ ಬರೆದಿದ್ದಾರೆ. ಕಂಬಿ ಅಂತ ಇರುವ ಕಡೆಯೆಲ್ಲ 6, 8 ಮತ್ತು 10 ಎಂಎಂ. ಬೇರೆ ಅಳತೆ ಇಲ್ಲ. ಇದರಿಂದ ಏನಾದರೂ ಗೊತ್ತಾಗುತ್ತದಾ?


ನಿವೃತ್ತ_ಎಇಇ_ದಾವಣಗೆರೆ:

ನಿಮ್ಮ ತಂದೆಯವರ ಪುಸ್ತಕ ಪ್ಲಾನ್ ಕಾಪಿಗಿಂತ ಚೆನ್ನಾಗಿ ಹೇಳುತ್ತಿದೆ ಮೇಡಂ. ಎರಡು ಅಂತಸ್ತಿಗೆ ಪಿಲ್ಲರ್ ಎಬ್ಬಿಸುವವರು 12 ಎಂಎಂ, 16 ಎಂಎಂ ಕಂಬಿ ತರಿಸದೆ ಇರುವುದಿಲ್ಲ. 8 ಮತ್ತು 10 ಅಂದರೆ ಮೋಲ್ಡು (ಕಾಂಕ್ರೀಟ್ ಸೂರು), ಲಿಂಟಲ್, ಸಜ್ಜಾ. ಸೈಜು ಕಲ್ಲು ಅಂದರೆ ಉದ್ದಕ್ಕೂ ಕಲ್ಲಿನ ಪಾಯ. ನಿಮ್ಮದು ಪಿಲ್ಲರ್ ಇಲ್ಲದ ಮನೆ. ಆ ಗೋಡೆಯೇ ಮೇಲಿನ ಸಂಸಾರವನ್ನು ಹೊತ್ತಿದೆ.

ಈಗ ಭಾರ ಎಷ್ಟು ಅಂತ ಒರಟಾಗಿ ನೋಡೋಣ. ಎಂಟಿಂಚಿನ ಸಾಲಿಡ್ ಬ್ಲಾಕ್ ಗೋಡೆ ಒಂದು ಚದರ ಮೀಟರಿಗೆ ಸುಮಾರು 440 ಕೆಜಿ ತೂಗುತ್ತದೆ. ನಿಮ್ಮ ಲಿಂಟಲ್ ಮೇಲಿಂದ ಮೋಲ್ಡ್‌ವರೆಗೆ ಮೂರಡಿ ಗೋಡೆ. ಅದರ ಮೇಲೆ ಮೋಲ್ಡು. ಅದರ ಮೇಲೆ ಮೇಲಿನ ಮನೆಯ ಹತ್ತಡಿ ಗೋಡೆ, ಮತ್ತೆ ಮೋಲ್ಡು. 7 ಅಡಿ ಅಗಲಕ್ಕೆ ಗೋಡೆಗಳದ್ದೇ ಮೂರೂವರೆ ಟನ್ ಬರುತ್ತದೆ. ಎರಡು ಮೋಲ್ಡಿನ ಪಾಲು ಸೇರಿದರೆ ಐದು ಟನ್ ದಾಟುತ್ತದೆ.

ಇದೆಲ್ಲ ಲಿಂಟಲ್ ಮೇಲೇ ಕೂರುವುದಿಲ್ಲ, ಅದೂ ನಿಜ. ಬ್ಲಾಕುಗಳು ಒಂದಕ್ಕೊಂದು ಕಚ್ಚಿಕೊಂಡು ಕಮಾನಿನ ಹಾಗೆ ಭಾರವನ್ನು ಎರಡೂ ಪಕ್ಕಕ್ಕೆ ಸಾಗಿಸುತ್ತವೆ. ಲಿಂಟಲ್ ಹೊರುವುದು ತನ್ನ ತಲೆ ಮೇಲಿನ ಒಂದು ತ್ರಿಕೋನದಷ್ಟು ಗೋಡೆಯನ್ನು. ಆದರೆ ಕಿಟಕಿ ಅಗಲವಾದಷ್ಟೂ ಆ ತ್ರಿಕೋನ ಎತ್ತರವಾಗುತ್ತದೆ. 7 ಅಡಿಗೆ ಹೋದರೆ ಅದರ ತುದಿ ನಿಮ್ಮ ಮೂರಡಿ ಗೋಡೆ ದಾಟಿ, ಮೋಲ್ಡು ದಾಟಿ, ಬಾಡಿಗೆಯವರ ಮನೆಯೊಳಗೆ ಹೋಗುತ್ತದೆ. ಆಂಗಲ್ ಅದನ್ನು ಹೊರುವುದಿಲ್ಲ.

ಇನ್ನು ಸಜ್ಜಾ. ಅದು ಚಾಚಿದ ಕೈ ಇದ್ದ ಹಾಗೆ. ಲಿಂಟಲ್ ಮೇಲೆ ಕೂತ ಗೋಡೆಯ ತೂಕವೇ ಅದರ ಭುಜವನ್ನು ಒತ್ತಿ ಹಿಡಿದಿರುವುದು. 4 ಅಡಿ ಕಿಟಕಿಯ ಲಿಂಟಲ್ ಆಚೆ ಈಚೆ ಆರಾರು ಇಂಚು ಗೋಡೆ ಮೇಲೆ ಕೂತಿರುತ್ತದೆ, ಅಷ್ಟೇ. ಪಕ್ಕದಲ್ಲಿ ಒಂದೂವರೆ ಅಡಿ ಹೊಡೆದರೆ ಆ ಆರಿಂಚೂ ಹೋಯಿತು. ಆಮೇಲೆ ಲಿಂಟಲ್ ಗಾಳಿಯಲ್ಲಿ. ಜೊತೆಗೆ ಸಜ್ಜಾ. ಅದರ ಕೆಳಗೇ ನಿಂತು ಬ್ರೇಕರ್ ಹಿಡಿಯುವ ಹುಡುಗನ ಗತಿ ಏನು?

ಇದೆಲ್ಲ ಇರಲಿ. ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ನೀವು ಅಗಲ ಯಾಕೆ ಕೇಳುತ್ತಿದ್ದೀರಿ? ಈ ಕಿಟಕಿಯಿಂದ ಹೊರಗೆ ನೋಡುವವರು ಯಾರು, ಎಲ್ಲಿಂದ?


ಕುವೆಂಪುನಗರ_ರಾಯರು:

ಎಇಇ ಸರ್ ಹೇಳಿದ್ದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೈಸೂರು, 2019. ಮೂರಡಿ ಕಿಟಕಿಯನ್ನು ಆರಡಿ ಮಾಡಿಸಲು ಹೋದೆ. ಕಂಟ್ರಾಕ್ಟರು ಇದೇ ಮಾತು ಹೇಳಿದ, ಏನೂ ಆಗಲ್ಲ ಸಾರ್. ಆಧಾರಕ್ಕೆ ಅಂತ ಒಂದು ಜಾಕಿ ನಿಲ್ಲಿಸಿದ್ದರು, ಅದೂ ಸಜ್ಜಾ ಕೆಳಗೆ, ಮಣ್ಣಿನ ಮೇಲೆ, ಹಲಗೆ ಕೂಡ ಇಲ್ಲದೆ. ಮಧ್ಯಾಹ್ನ ಊಟಕ್ಕೆ ಹೋದಾಗ ಟಪ್ ಅಂತ ಒಂದು ಸದ್ದು. ಒಂದೇ. ನಾನು ಪಟಾಕಿ ಅಂದುಕೊಂಡೆ. ಹೋಗಿ ನೋಡಿದರೆ ಸಜ್ಜಾ ಮುಂದಕ್ಕೆ ಒಂದು ಇಂಚು ವಾಲಿತ್ತು. ಮೇಲಿನ ರೂಮಿನ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು, ಒಂದು ರೂಪಾಯಿ ನಾಣ್ಯ ತೂರಿಸಬಹುದಿತ್ತು. ಯಾರಿಗೂ ಏನೂ ಆಗಲಿಲ್ಲ, ಎಲ್ಲರೂ ಮರದ ಕೆಳಗೆ ಡಬ್ಬಿ ಬಿಚ್ಚಿದ್ದರು. ಆಮೇಲೆ ಬೇರೆ ಎಂಜಿನಿಯರು ಬಂದು, ಮೋಲ್ಡ್ ಕೆಳಗೆ ಸಾಲಾಗಿ ಜಾಕಿ ಕೊಟ್ಟು, ಸಜ್ಜಾ ಕತ್ತರಿಸಿ ಇಳಿಸಿ, ಹೊಸ ಲಿಂಟಲ್ ಹಾಕಿದರು. ಮೊದಲು ಹೇಳಿದ ರೇಟಿನ ಮೂರು ಪಟ್ಟು ಖರ್ಚಾಯಿತು. ಕಂಟ್ರಾಕ್ಟರು ಆವತ್ತಿನಿಂದ ಫೋನು ಎತ್ತಿಲ್ಲ.


ಪಾರಿಜಾತ_ತುಮಕೂರು:

ರಾಯರೇ, ನೀವು ಬರೆದದ್ದು ಓದಿ ಆ ಮೇಸ್ತ್ರಿಗೆ ಫೋನ್ ಮಾಡಿ ಬೇಡ ಅಂದೆ.

ಎಇಇ ಸರ್, ನಿಮ್ಮ ಪ್ರಶ್ನೆಗೆ ಮೊದಲು ಕೋಪ ಬಂತು. ಅಮ್ಮ ನೋಡಲಿ ಅಂತ ತಾನೇ ಹೇಳಿದ್ದು ಅಂತ. ಆಮೇಲೆ ಎಲ್ಲಿಂದ ಅನ್ನುವುದು ತಲೆಗೆ ಹೋಯಿತು. ಭಾನುವಾರ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾನೇ ಅವರ ಮಂಚದ ಮೇಲೆ ಮಲಗಿದೆ. ಅವರದೇ ಎರಡು ದಿಂಬು, ಅವರು ಮಲಗುವ ಮಗ್ಗುಲಲ್ಲೇ. ನಾಲ್ಕು ತಿಂಗಳಲ್ಲಿ ಒಂದು ಸಲವೂ ನಾನು ಅಲ್ಲಿ ಮಲಗಿ ನೋಡಿರಲಿಲ್ಲ.

ಎದುರು ಮನೆ ನೀರಿನ ಟ್ಯಾಂಕು. ಒಂದು ಕೇಬಲ್ ವೈರು. ತೆಂಗಿನ ಗರಿ. ಅಷ್ಟೇ. ನಮ್ಮ ಗೇಟಿನ ಪಕ್ಕದ ಪಾರಿಜಾತದ ನೆತ್ತಿ ಸ್ವಲ್ಪ ಕಾಣುತ್ತದೆ, ಹೂವು ಬೀಳುವ ಜಾಗ ಕಾಣುವುದಿಲ್ಲ. ಕಿಟಕಿ ಇದರ ಎರಡರಷ್ಟು ಅಗಲ ಇದ್ದಿದ್ದರೆ ಏನು ಕಾಣುತ್ತಿತ್ತು ಅಂತ ಯೋಚಿಸಿದೆ. ಇನ್ನೊಂದು ಮನೆಯ ಟ್ಯಾಂಕು!

ಟೇಪು ಹಿಡಿದು ಅಳೆದೆ. ಮಲಗಿದಾಗ ಕಣ್ಣು ನೆಲದಿಂದ 30 ಇಂಚು. ಕಿಟಕಿಯ ಕೆಳ ಅಂಚು 36. ಕಣ್ಣಿನಿಂದ ಗೋಡೆಗೆ 5 ಅಡಿ. ಕಿಟಕಿಯಿಂದ ಗೇಟಿಗೆ 12 ಅಡಿ. ಮನೆಯ ನೆಲ ಅಂಗಳಕ್ಕಿಂತ 2 ಅಡಿ ಎತ್ತರ. ಕಾಂಪೌಂಡು ನಾಲ್ಕಡಿ, ಗೇಟು ಮಾತ್ರ ನೆಲದವರೆಗೆ ಸರಳಿನದು, ಆಚೆ ಕಾಣುತ್ತದೆ.

ನನಗೆ ಬೇಕಾಗಿರುವುದು ಅಗಲ ಅಲ್ಲ, ಅಲ್ವಾ?


ನಿವೃತ್ತ_ಎಇಇ_ದಾವಣಗೆರೆ:

ಅಲ್ಲ ಮೇಡಂ. ಕೆಳಗೆ ಇಳಿಸಬೇಕು.

ನಿಮ್ಮ ಅಳತೆಗೇ ಲೆಕ್ಕ ಹಾಕಿದೆ. ಈಗ ಕಣ್ಣಿನಿಂದ ಹೊರಟ ಗೆರೆ ಕಿಟಕಿಯ ಅಂಚು ದಾಟಲು ಐದಡಿಗೆ ಆರಿಂಚು ಮೇಲೇರಬೇಕು. ಅದೇ ಓಟದಲ್ಲಿ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅಂಗಳದಿಂದ 6 ಅಡಿ 2 ಇಂಚು ಎತ್ತರದಲ್ಲಿರುತ್ತದೆ. ಗೇಟಿನಲ್ಲಿ ನಿಂತವರ ತಲೆಗಿಂತ ಮೇಲಿನದ್ದು ಮಾತ್ರ ನಿಮ್ಮ ತಾಯಿಯವರಿಗೆ ಕಾಣುವುದು. "ಯಾರೇ ಅದು?" ಅಂತ ಕೇಳದೆ ಇನ್ನೇನು ಮಾಡುತ್ತಾರೆ. ಮಂಚವನ್ನು ಕಿಟಕಿ ಹತ್ತಿರ ಎಳೆದರೆ ಈಗ ಇನ್ನೂ ಕೆಡುತ್ತದೆ, ಗೆರೆ ಇನ್ನೂ ಕಡಿದಾಗಿ ಏರುತ್ತದೆ.

ಬ್ಲಾಕು ಒಂದು ವರಸೆ 8 ಇಂಚು, ಗಾರೆ ಸೇರಿ ಎಂಟೂವರೆ. ಎರಡು ವರಸೆ ತೆಗೆದರೆ ಅಂಚು 19 ಇಂಚಿಗೆ ಬರುತ್ತದೆ. ಕಣ್ಣಿಗಿಂತ ಕೆಳಗೆ. ಆಗ ಗೆರೆ ಇಳಿಯುತ್ತಾ ಹೋಗಿ, ಗೇಟಿನ ಹತ್ತಿರ ಅಂಗಳದಿಂದ ಒಂದೂವರೆ ಅಡಿಗಿಂತ ಕೆಳಗೇ ಇರುತ್ತದೆ. ಬಂದವರು ತಲೆಯಿಂದ ಮೊಣಕಾಲಿನವರೆಗೆ ಕಾಣುತ್ತಾರೆ.

ಗಟ್ಟಿತನದ ಮಾತು. ಕಿಟಕಿಯ ಕೆಳಗಿನ ಗೋಡೆ ಮೇಲಿನ ಭಾರವನ್ನು ಹೊರುತ್ತಿಲ್ಲ, ಅದು ಎರಡೂ ಪಕ್ಕದಲ್ಲಿ ಇಳಿದು ಹೋಗುತ್ತಿದೆ. ಬಾಗಿಲು ಅಂದರೇನು? ನೆಲದವರೆಗೆ ಇಳಿಸಿದ ಕಿಟಕಿ. ಲಿಂಟಲ್ ಅದೇ, ಅಗಲ ಅದೇ. ಆದ್ದರಿಂದ ಅಗಲ ಮುಟ್ಟದೆ ಕೆಳಗಿನ ಎರಡು ವರಸೆ ಮಾತ್ರ ತೆಗೆಯುವುದಕ್ಕೆ ಹೊಸ ಲಿಂಟಲ್ ಬೇಡ, ಮೇಲಿನವರನ್ನು ಕಳಿಸುವುದೂ ಬೇಡ. ಆದರೂ ಊರಿನ ಒಬ್ಬ ಎಂಜಿನಿಯರಿಗೆ ಒಂದು ಸಲ ತೋರಿಸಿ. ನಾನು ನೋಡಿರುವುದು ನಿಮ್ಮ ಮಾತನ್ನು, ಗೋಡೆಯನ್ನಲ್ಲ. ಪಕ್ಕದ ಗೋಡೆಯಲ್ಲಿ ಹಳೆಯ ಓರೆ ಬಿರುಕು ಇದ್ದರೆ ಮೊದಲು ಅದನ್ನು ನೋಡಬೇಕು. ಕಿಟಕಿ ಕಲ್ಲಿನ ಕೆಳಗೆ ಮೂರ್ನಾಲ್ಕು ಇಂಚಿನ ಕಾಂಕ್ರೀಟ್ ಪಟ್ಟಿ ಇದ್ದು, ಅದರ ಕಂಬಿ ಪಕ್ಕದ ಗೋಡೆಯೊಳಗೆ ಓಡಿದ್ದರೆ ಅಲ್ಲೇ ನಿಲ್ಲಿಸಿ. ಕೆಲವರು ಮನೆ ಸುತ್ತ ಹಾಗೆ ಪಟ್ಟಿ ಕಟ್ಟಿರುತ್ತಾರೆ. ಅದನ್ನು ಕತ್ತರಿಸುವ ಮುಂಚೆ ಯೋಚಿಸಬೇಕು.

ಅಗಲವೇ ಬೇಕು ಅನ್ನುವವರು ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಒಳಗೆ ಹೊರಗೆ ಜಾಕಿ, ಗೋಡೆಯಲ್ಲಿ ಕಿಂಡಿ ಕೊರೆದು ಅಡ್ಡ ತೊಲೆ, ಮೋಲ್ಡಿಗೂ ಆಧಾರ, ಆಮೇಲೆ ಹೊಸ ಲಿಂಟಲ್, 14 ದಿನ ಜಾಕಿ ಮುಟ್ಟುವಂತಿಲ್ಲ. ಎಲ್ಲರೂ ಮರೆಯುವುದು ಒಂದೇ, ಹೊಸ ಲಿಂಟಲ್ ತಲೆಗೂ ಹಳೆ ಬ್ಲಾಕಿಗೂ ನಡುವಿನ ಸಂದು. ಅಲ್ಲಿ ಗಟ್ಟಿ ಗಾರೆಯನ್ನು ಒತ್ತಿ ಒತ್ತಿ ತುಂಬಬೇಕು. ಅರ್ಧ ಇಂಚು ಖಾಲಿ ಬಿಟ್ಟರೆ, ಜಾಕಿ ತೆಗೆದ ದಿನ ಮನೆ ಅರ್ಧ ಇಂಚು ಇಳಿಯುತ್ತದೆ.


ಕರಣೆ_ಸಿರಾ:

ಸಾರ್ ಹೇಳಿದ್ದು ಸರಿ. ಮಾಡುವ ಕ್ರಮ ನಾನು ಹೇಳುತ್ತೇನೆ ಅಕ್ಕಾ.

ಮೊದಲು ಆ ರೂಮಿನ ಎಂಸಿಬಿ ಇಳಿಸಿ. ಕಿಟಕಿ ಕೆಳಗೆ ಕರೆಂಟ್ ವೈರಿನ ಪೈಪು ಓಡಿಸಿರುತ್ತಾರೆ, ಯಾರಿಗೂ ನೆನಪಿರಲ್ಲ. ಅಮ್ಮನ್ನ ಆವತ್ತು ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ. ಬ್ಲಾಕಿನ ಧೂಳು ಮೂರು ದಿನ ಕೆಮ್ಮಿಸುತ್ತೆ.

ಚೌಕಟ್ಟಿನ ಎರಡೂ ಪಕ್ಕದಿಂದ ನೆಟ್ಟಗೆ ಕೆಳಗೆ ಗೆರೆ ಹಾಕಿ, ಕಟಿಂಗ್ ಮೆಷಿನ್‌ನಲ್ಲಿ ಒಳಗಿಂದಲೂ ಹೊರಗಿಂದಲೂ ಗೀರಬೇಕು. ನಮ್ಮ ಚಿಕ್ಕ ಮೆಷಿನ್ ಒಂದು ಒಂದೂವರೆ ಇಂಚು ಮಾತ್ರ ಇಳಿಯುತ್ತೆ, ಉಳಿದದ್ದು ಉಳಿಯಲ್ಲಿ. ಯಾಕೆ ಗೀರಬೇಕು ಅಂದರೆ, ಒಂದು ವರಸೆಯಲ್ಲಿ ಸಂದು ಅಂಚಿಗೆ ಸರಿಯಾಗಿ ಬಂದರೆ ಇನ್ನೊಂದು ವರಸೆಯಲ್ಲಿ ಬ್ಲಾಕು ಅರ್ಧ ಒಳಗೆ, ಅರ್ಧ ಪಕ್ಕದ ಗೋಡೆಯಲ್ಲಿ ಇರುತ್ತೆ. ಅದನ್ನು ಸುತ್ತಿಗೆಯಲ್ಲಿ ಹೊಡೆದರೆ ಪಕ್ಕದ ಗೋಡೆಯೂ ಅಲುಗುತ್ತೆ. ಬ್ರೇಕರ್ ಬೇಡ ಅನ್ನುವುದೂ ಇದಕ್ಕೇ. ಮಧ್ಯದ ಬ್ಲಾಕು ಮೊದಲು ಪುಡಿ ಮಾಡಿ ತೆಗೆದರೆ ಉಳಿದವು ಜಾರಿ ಬರುತ್ತವೆ. ಒಂದೊಂದು 30 ಕೆಜಿಗಿಂತ ಜಾಸ್ತಿ. ನೆಲಕ್ಕೆ ಹಳೇ ಹಾಸಿಗೆ ಹಾಕಿ, ಟೈಲ್ಸ್ ಉಳಿಯುತ್ತೆ.

ಹಳೇ ಚೌಕಟ್ಟು ಕೀಳಬೇಡಿ. ಮತ್ತಿ ಮರ, ಈಗ ಅಂಥದ್ದು ಸಿಗಲ್ಲ. ಪಕ್ಕದಲ್ಲಿ ಹೋಲ್ಡ್‌ಫಾಸ್ಟ್, ಅಂದರೆ ಗೋಡೆಯೊಳಗೆ ಹೂತ ಕಬ್ಬಿಣದ ಪಟ್ಟಿ, ಅದನ್ನು ಹಿಡಿದಿರುತ್ತವೆ. ಕೆಳಗೆ 17 ಇಂಚಿಗೆ ಇನ್ನೊಂದು ಚಿಕ್ಕ ಚೌಕಟ್ಟು ಮಾಡಿಸಿ ಕೂರಿಸಿ. ತೆರೆಯುವ ಬಾಗಿಲು ಬೇಡ, ಗಾಜು ಮಾತ್ರ.


ನಿವೃತ್ತ_ಎಇಇ_ದಾವಣಗೆರೆ:

ಮೇಸ್ತ್ರಿಗಳೇ, ಎರಡು ಚೌಕಟ್ಟಿನ ನಡುವಿನ ಸಂದಿನಲ್ಲಿ ನೀರು ಇಳಿಯುತ್ತದೆ. ನಾನಾಗಿದ್ದರೆ ಪೂರಾ ಹೊಸದು ಹಾಕಿಸುತ್ತಿದ್ದೆ. ಗಾಜು ಅಷ್ಟು ಕೆಳಗೆ ಬರುವುದರಿಂದ ಟಫನ್ಡ್ ಗಾಜೇ (ಒಡೆದರೂ ಚೂಪು ಚೂರಾಗದ ಗಟ್ಟಿ ಗಾಜು) ಇರಲಿ. ವಾಕರ್ ಹಿಡಿದವರು ತೂಕ ತಪ್ಪಿ ಅದರ ಮೇಲೆ ಬೀಳಬಹುದು.


ಕರಣೆ_ಸಿರಾ:

ಸಾರ್, ಸಂದಿಗೆ ಮರದ ಪಟ್ಟಿ ಹೊಡೆದು ಸಿಲಿಕಾನ್ ಎಳೆದರೆ ಆಯಿತು. ಹೊಸದು ಅಂದರೆ ಅಕ್ಕನಿಗೆ ಮೂರು ಪಟ್ಟು ಖರ್ಚು. ಗಾಜಿನ ಮಾತು ಒಪ್ಪಿದೆ.


ಕಡಲತಡಿ_ಉಡುಪಿ:

ನೀರಿನ ಬಗ್ಗೆ ನಾವು ಕರಾವಳಿಯವರು ಎರಡು ಮಾತು ಹೇಳದಿದ್ದರೆ ಹೇಗೆ. ಕಿಟಕಿ ಕೆಳಗೆ ಇಳಿದಷ್ಟೂ ಸಜ್ಜಾ ಅದಕ್ಕೆ ದೂರವಾಗುತ್ತದೆ. ಗಾಳಿ ಮಳೆ ಓರೆಯಾಗಿ ಹೊಡೆದಾಗ ಮೇಲಿನ ಅರ್ಧ ಒಣಗಿರುತ್ತದೆ, ಕೆಳಗಿನ ಅರ್ಧ ಒದ್ದೆ. ಹೊರಗಿನ ಕಲ್ಲು ಇಳಿಜಾರಾಗಿ ಇರಲಿ, ಗೋಡೆಯಿಂದ ಒಂದೂವರೆ ಇಂಚು ಮುಂದೆ ಬರಲಿ, ಮತ್ತು ಆ ಮುಂದೆ ಬಂದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಹೊಡೆಸಿ. ನೀರು ಕಲ್ಲಿನ ಅಡಿಯಲ್ಲೇ ತೆವಳಿ ಗೋಡೆಗೆ ಬರುತ್ತದೆ. ಗೀರು ಸಿಕ್ಕಿದರೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಹತ್ತು ನಿಮಿಷದ ಕೆಲಸ, ಆದರೆ ಕೇಳದೆ ಯಾರೂ ಮಾಡುವುದಿಲ್ಲ.

ಇನ್ನೊಂದು. ಒಳಗಿನವರಿಗೆ ರಸ್ತೆ ಕಂಡರೆ ರಸ್ತೆಯವರಿಗೆ ಒಳಗಿನವರೂ ಕಾಣುತ್ತಾರೆ. ರಾತ್ರಿಗೆ ಪರದೆ ಯೋಚಿಸಿಕೊಳ್ಳಿ.


ಪಾರಿಜಾತ_ತುಮಕೂರು:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು.

ಇಲ್ಲಿನ ಒಬ್ಬ ಎಂಜಿನಿಯರ್ ಬಂದು ನೋಡಿದರು. ಬಿರುಕು ಏನೂ ಇಲ್ಲ, ಇಳಿಸಬಹುದು ಅಂದರು. ಕಾಂಕ್ರೀಟ್ ಪಟ್ಟಿ ಇರಲಿಲ್ಲ, ಕಲ್ಲಿನ ಕೆಳಗೆ ಎರಡಿಂಚು ಜಲ್ಲಿ ಅಷ್ಟೇ. ಬೇರೊಬ್ಬ ಮೇಸ್ತ್ರಿ, ವಯಸ್ಸಾದವರು, ಒಬ್ಬ ಆಳು. ಒಂದೂವರೆ ದಿನ ಹಿಡಿಯಿತು. ಎರಡನೇ ವರಸೆಯ ಎಡಗಡೆ ಬ್ಲಾಕು ತೆಗೆದಾಗ ಒಳಗೆ ವೈರಿನ ಪೈಪು ಸಿಕ್ಕಿತು! ಮಂಚದ ಪಕ್ಕದ ಪ್ಲಗ್‌ಗೆ ಹೋಗುವುದು. ಕರಣೆ ಅಣ್ಣ ಎಂಸಿಬಿ ಇಳಿಸಲು ಹೇಳದಿದ್ದರೆ ಆ ಮುದುಕರ ಉಳಿ ಸೀದಾ ಅದಕ್ಕೇ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಪೈಪನ್ನು ಕೆಳಗೆ ಇಳಿಸಿದ್ದಕ್ಕೆ ಅರ್ಧ ದಿನ ಹೋಯಿತು.

ಹಳೇ ಚೌಕಟ್ಟು ಉಳಿಸಿಕೊಂಡೆ, ಎಇಇ ಸರ್ ಬೇಜಾರು ಮಾಡಿಕೊಳ್ಳಬಾರದು. ಅಪ್ಪನ ಪುಸ್ತಕದಲ್ಲಿ ಆ ಮರಕ್ಕೆ ಕೊಟ್ಟ ದುಡ್ಡಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಕೀಳಲು ಮನಸ್ಸು ಬರಲಿಲ್ಲ. ಗಾಜಿಗೆ ಚೌಕಟ್ಟು ಕೂತ ಮೇಲೆ ಅಳತೆ ಕೊಟ್ಟೆ. ಟಫನ್ಡ್ ಆದಮೇಲೆ ಒಂದು ಎಳೆಯಷ್ಟೂ ಕತ್ತರಿಸಲು ಬರುವುದಿಲ್ಲವಂತೆ. ಬರಲು ಆರು ದಿನ ಆಯಿತು, ಅಲ್ಲಿಯವರೆಗೆ ಪ್ಲೈವುಡ್ ಹೊಡೆದಿದ್ದೆವು. ಆ ಆರು ದಿನ ಅಮ್ಮ ನನ್ನನ್ನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ. ಕಲ್ಲಿಗೆ ಗೀರು ಹೊಡೆಸಿದೆ. ಮೊನ್ನೆಯ ಮಳೆಗೆ ಹೋಗಿ ನೋಡಿದೆ, ನೀರು ಮುತ್ತಿನ ಸಾಲಿನ ಹಾಗೆ ಗೀರಿನಲ್ಲೇ ನಿಂತು ಬೀಳುತ್ತಿತ್ತು. ಗೋಡೆ ಒಣಗಿತ್ತು. ಸಂದಿಗೆ ಎಳೆದ ಸಿಲಿಕಾನ್ ಸದ್ಯಕ್ಕೆ ಹಿಡಿದಿದೆ. ಗಾರೆ, ಮರ, ಗಾಜು, ಗ್ರಿಲ್, ವೈರಿಂಗ್ ಎಲ್ಲ ಸೇರಿ 23,600 ಆಯಿತು.

ಹೊಸ ಪ್ಲಾಸ್ಟರ್ ಹಳೆಯದಕ್ಕೆ ಸೇರುವಲ್ಲಿ ಕೂದಲೆಳೆ ಬಿರುಕು ಬಂದಿದೆ. ಅಲ್ಲಿ ಕೋಳಿ ಜಾಲರಿ ಹೊಡೆಯಬೇಕಿತ್ತು, ನನಗೂ ಹೊಳೆಯಲಿಲ್ಲ, ಮುದುಕರೂ ಬಿಟ್ಟರು. ಬಣ್ಣ ಹೊಡೆಸುವಾಗ ನೋಡಿಕೊಳ್ಳುತ್ತೇನೆ.

ಗಾಜು ಕೂರಿಸಿದ ಮಾರನೇ ದಿನ ಗೇಟು ಕಿರ್ ಅಂತು. ನಾನು ಅಭ್ಯಾಸಬಲದಿಂದ ಅಡುಗೆ ಮನೆಯಿಂದ "ಹಾಲು" ಅಂತ ಕೂಗಿದೆ. "ಗೊತ್ತು. ಇವನು ಹಳಬನಲ್ಲ, ಅವನ ತಮ್ಮ ಇರಬೇಕು, ನಡಿಗೆ ಹಾಗೇ ಇದೆ" ಅಂತ ರೂಮಿನಿಂದ ಉತ್ತರ ಬಂತು.

ಒಂದು ದೂರು ಮಾತ್ರ ಉಳಿದಿತ್ತು. ಗೇಟಿನ ಆಚೆ ನಾನು ಹಾಕುವ ರಂಗೋಲಿ ಕಾಣುವುದಿಲ್ಲ ಅಂತ. ಎಇಇ ಸರ್ ಗೆರೆಯನ್ನು ನಾನೇ ಕಾಗದದ ಮೇಲೆ ಎಳೆದು ನೋಡಿದೆ. ಈಗ ಅಂಚು ಕಣ್ಣಿಗಿಂತ ಕೆಳಗಿದೆಯಲ್ಲ, ಮಂಚ ಹತ್ತಿರ ಎಳೆದಷ್ಟೂ ಗೆರೆ ಬೇಗ ನೆಲ ಮುಟ್ಟುತ್ತದೆ. ಇಪ್ಪತ್ತಿಂಚು ಎಳೆದೆ. ಈಗ ರಂಗೋಲಿ ಕಾಣುತ್ತದಂತೆ. ನಿನ್ನೆ ಬೆಳಿಗ್ಗೆ ಕೈ ತೊಳೆದುಕೊಂಡು ಒಳಗೆ ಬಂದರೆ, ಕಾಫಿ ಕೇಳುವ ಮುಂಚೆಯೇ, "ಮೂರನೇ ಸಾಲಲ್ಲಿ ಒಂದು ಚುಕ್ಕಿ ಬಿಟ್ಟಿದ್ದೀಯ ನೋಡು" ಅಂದರು.